ಹೆಸರಿಲ್ಲದ ಡಿಸ್ಕ್

ಬರೆದದ್ದು ಡಿಸ್ಕಿಗೆ ಇಳಿಯಿತೇ? ಡೇಟಾಬೇಸ್ ನೋಡಿಕೊಳ್ಳುವವರಿಗೆ ಮೊದಲು ಬೇಕಾದದ್ದು ಈ ಉತ್ತರ. ವೇಗದ ಮಾತು ಆಮೇಲೆ.

*

ಯೂನಿಕ್ಸ್ ಬರಹವನ್ನು ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಎನ್ನುತ್ತದೆ. ಡಿಸ್ಕಿಗೆ ಇಳಿಸುವುದು ತನಗೆ ಪುರುಸೊತ್ತಾದಾಗ. ಪತ್ರ ಟೈಪು ಮಾಡುವವರಿಗೆ ಇದು ಉಪಕಾರ. ಕಮಿಟ್ ಆಯಿತೆಂದು ಮಾತು ಕೊಟ್ಟ ಡೇಟಾಬೇಸ್, ನಡುವೆ ಕರೆಂಟ್ ಹೋದರೆ, ಮಾತಿಗೆ ತಪ್ಪಿದಂತಾಗುತ್ತದೆ.

*

ಮುಂದೆ ಯಾವ ಪುಟ ಬೇಕಾಗುತ್ತದೆಂದು ಡೇಟಾಬೇಸ್‌ಗೆ ಗೊತ್ತು, ಕರ್ನಲ್‌ಗೆ ಊಹೆ ಮಾತ್ರ. ಮೈಕೆಲ್ ಸ್ಟೋನ್‌ಬ್ರೇಕರ್ 1981ರಲ್ಲೇ ಇದನ್ನು ಬರೆದು ತೋರಿಸಿದರು. ಒರಾಕಲ್, ಸೈಬೇಸ್, ಇನ್ಫಾರ್ಮಿಕ್ಸ್‌ಗಳು ಫೈಲ್‌ಸಿಸ್ಟಂ ಬಿಟ್ಟು ರಾ ಪಾರ್ಟಿಷನ್, ಅಂದರೆ ಫೈಲ್‌ಸಿಸ್ಟಂ ಹಾಕದ ಡಿಸ್ಕಿನ ಭಾಗ, ಹಿಡಿದದ್ದಕ್ಕೆ ಇಷ್ಟು ಕಾರಣ ಸಾಕು.

*

ಆದರೆ ರಾ ಪಾರ್ಟಿಷನ್‌ನಲ್ಲಿ ಎಲ್‌ಎಸ್ ಕೊಟ್ಟು ನೋಡಲು ಏನೂ ಇಲ್ಲ. ಟಾರ್ ಕೈಗೆ ಸಿಗದು, ಡಿಡಿಯೇ ಬೇಕು. ಪಹಣಿಯಲ್ಲಿ ಹೆಸರು ಏರದ ಜಮೀನಿನ ಹಾಗೆ: ಬೆಳೆ ನಿಂತಿದ್ದರೂ ಕಾಗದದಲ್ಲಿ ಬೀಳು. ಹೊಸ ಅಡ್ಮಿನ್ ಖಾಲಿಯೆಂದು ತಿಳಿದು ಎಂಕೆಎಫ್‌ಎಸ್ ಓಡಿಸಿಬಿಡಬಹುದು. ಡಿಸ್ಕಿನ ಯಾವ ಸ್ಲೈಸ್ (ಭಾಗ) ಯಾವುದಕ್ಕೆಂದು ಬರೆದಿಟ್ಟ ಹಾಳೆ, ನನ್ನ ಲೆಕ್ಕದಲ್ಲಿ, ಬ್ಯಾಕಪ್‌ನಷ್ಟೇ ಮುಖ್ಯ.

*

ಸೋಲಾರಿಸ್‌ನಲ್ಲಿ ಡಿಸ್ಕಿನ ಲೇಬಲ್ ಇರುವುದು ಸೊನ್ನೆಯ ಸಿಲಿಂಡರಿನಲ್ಲಿ. ಫೈಲ್‌ಸಿಸ್ಟಂ ಆ ಜಾಗವನ್ನು ತಾನಾಗಿ ಬಿಟ್ಟು ಮುಂದೆ ಹೋಗುತ್ತದೆ. ಅಲ್ಲಿಂದಲೇ ಶುರುವಾಗುವ ಸ್ಲೈಸನ್ನು ಸೈಬೇಸ್‌ಗೆ ರಾ ಆಗಿ ಕೊಟ್ಟರೆ ಅದು ಲೇಬಲ್ ಮೇಲೆಯೇ ಬರೆಯುತ್ತದೆ. ಯಂತ್ರ ಓಡುತ್ತಿರುವಷ್ಟು ದಿನ ಸುಳಿವೇ ಇಲ್ಲ, ಕರ್ನಲ್ ಬಳಿ ನಕಲು ಇರುತ್ತದಲ್ಲ. ರೀಬೂಟ್ ಆದಾಗ ಡಿಸ್ಕಿನ ನಕ್ಷೆಯೇ ಮಾಯ. ತಡವಾಗಿ ಕಾಣುವ ತಪ್ಪಿನಷ್ಟು ಭಯ ನನಗೆ ಬೇರೆ ಯಾವುದಕ್ಕೂ ಇಲ್ಲ. ಹಳಬರು ಮೊದಲ ಸಿಲಿಂಡರ್ ಬಿಟ್ಟೇ ಸ್ಲೈಸ್ ಹಾಕುತ್ತಿದ್ದರು.

*

ಇನ್ನೋಡಿಬಿ ಎಂಬ ಡೇಟಾಬೇಸ್ ಎಂಜಿನ್‌ನಲ್ಲಿ ಹೊಸ ರಾ ಪಾರ್ಟಿಷನ್‌ಗೆ ಮೊದಲು ‘ನ್ಯೂರಾ’ ಎಂದು ಬರೆಯಬೇಕು, ಸಿದ್ಧವಾದ ಮೇಲೆ ‘ರಾ’ ಎಂದು ತಿದ್ದಬೇಕು. ತಿದ್ದುವವರೆಗೂ ಡೇಟಾ ಬದಲಿಸಲು ಅದು ಬಿಡುವುದಿಲ್ಲ. ಮರೆವನ್ನು ಮೊದಲೇ ಎಣಿಸಿದವರು ಬರೆದ ಸಾಫ್ಟ್‌ವೇರ್.

*

ಕರ್ನಲ್ಲಿನ ಕ್ಯಾಶ್ ತಪ್ಪಿಸಿದರೂ ಡಿಸ್ಕಿನೊಳಗೆ ಅದರದ್ದೇ ಕ್ಯಾಶ್ ಇರುತ್ತದೆ.

*

2001ರಲ್ಲಿ ಲಿನಕ್ಸ್ 2.4.10ಕ್ಕೆ ಒ-ಡೈರೆಕ್ಟ್ ಬಂತು. ಫೈಲಿಗೆ ಹೆಸರೂ ಉಳಿಯಿತು, ಕ್ಯಾಶ್ ದಾಟುವ ದಾರಿಯೂ ಸಿಕ್ಕಿತು. 2021ರಲ್ಲಿ 5.14ರ ಕರ್ನಲ್ ರಾ ಡ್ರೈವರನ್ನೇ ಕೈಬಿಟ್ಟಿತು. ಸರಿಯಾದ ನಿರ್ಧಾರ.

*

ಪೋಸ್ಟ್‌ಗ್ರೆಸ್ ಮೊದಲಿಂದಲೂ ಫೈಲ್‌ಸಿಸ್ಟಂ ನಂಬಿದ್ದು. 2018ರಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು: ‘ಬರಹವನ್ನು ಡಿಸ್ಕಿಗೆ ಇಳಿಸು’ ಎಂದು ಕೇಳುವ ಎಫ್‌ಸಿಂಕ್ ಒಮ್ಮೆ ವಿಫಲವಾಗಿ, ಮತ್ತೆ ಕೇಳಿದರೆ ಲಿನಕ್ಸ್ ‘ಸರಿ’ ಎನ್ನಬಹುದಿತ್ತು, ಬರಹ ಡಿಸ್ಕಿಗೆ ಇಳಿಯದೆಯೇ. ಈಗ ಮೊದಲ ವಿಫಲತೆಗೇ ಪೋಸ್ಟ್‌ಗ್ರೆಸ್ ನಿಂತುಬಿಡುತ್ತದೆ, ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುತ್ತದೆ.