ಕೊಡಲೊಲ್ಲೆ ಎನ್ನುವ ಹಕ್ಕು

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನಮ್ಮ ಎರಡು ವೈಚಾರಿಕ ಬಣಗಳಲ್ಲಿ ಯಾವುದೂ ಪೂರ್ತಿಯಾಗಿ ತನ್ನವರೆಂದು ಹೇಳಿಕೊಳ್ಳಲಾರದು. ಸರ್ಕಾರ ದೂರವಿದ್ದಷ್ಟೂ ಒಳ್ಳೆಯದೆನ್ನುವ ಸ್ವಾತಂತ್ರ್ಯವಾದಿಗೆ, 1934ರಲ್ಲೇ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದ ಮೈಸೂರಿನ ಈ ಮಾಜಿ ದಿವಾನರು ಒಗ್ಗುವುದಿಲ್ಲ. ಮೀಸಲಾತಿಯನ್ನು ಒಪ್ಪದೆ ದಿವಾನಗಿರಿ ಬಿಟ್ಟ ಇವರು ಪ್ರಗತಿಪರರಿಗೆ ಹಿಡಿಸುವುದಿಲ್ಲ. ಆದರೆ ಅವರು ಹುಟ್ಟಿದ ಸೀಮೆಯಲ್ಲೇ ಈ ಇಬ್ಬರೂ ಒಟ್ಟಿಗೆ ನಿಲ್ಲಬಹುದಾದ ಪ್ರಶ್ನೆಯೊಂದು ಎದ್ದಿದೆ. ಕೈಗಾರಿಕೆಗೆಂದು ಸರ್ಕಾರ ಜಮೀನು ಕೇಳಿದಾಗ ಕೊಡುವುದಿಲ್ಲ ಎನ್ನಲು ರೈತನಿಗೆ ಹಕ್ಕಿದೆಯೇ?

ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಇದಕ್ಕೆ ಉತ್ತರ ಸಿಗಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 13 ಹಳ್ಳಿಗಳ 1,777 ಎಕರೆಯ ಮೇಲೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಕಣ್ಣಿಟ್ಟಿತ್ತು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತ ರೈತರ ಜೊತೆ ನಿಂತವರು ದಲಿತ ಸಂಘಟನೆಗಳು, ಎಡಪಕ್ಷಗಳು, ರೈತಸಂಘಗಳು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟು, ತಾವಾಗಿ ಕೊಡುವವರದನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಆಸ್ತಿ ಹಕ್ಕಿನ ಪರ ವಾದಿಸಿದ ಸ್ವತಂತ್ರ ಪಕ್ಷದ ರಾಜಾಜಿ ಕೇಳಿದ್ದರೆ ತಲೆದೂಗುತ್ತಿದ್ದರು!

ಆಸ್ತಿ ಮೂಲಭೂತ ಹಕ್ಕಾಗಿದ್ದರೆ ಭೂಸುಧಾರಣೆಗೆ ತೊಡಕು ಎಂದು ವಾದಿಸಿದವರು ಪ್ರಗತಿಪರರೇ. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಜಮೀನ್ದಾರನ ಕೋಟೆಗೆ ಕೊರೆದ ಆ ಕಿಂಡಿಯಲ್ಲೇ ಈಗ ಎರಡೆಕರೆ ದ್ರಾಕ್ಷಿಯವನ ಮನೆಗೆ ಭೂಸ್ವಾಧೀನದ ನೋಟಿಫಿಕೇಶನ್ ನುಗ್ಗುತ್ತದೆ. ಹಾಗೆಂದು ಸ್ವಾತಂತ್ರ್ಯವಾದಿ ಬೀಗುವಂತಿಲ್ಲ. ದೇವರಾಜ ಅರಸರ 1974ರ ಭೂಸುಧಾರಣಾ ಕಾನೂನು ಇಲ್ಲದಿದ್ದರೆ ಎಷ್ಟೋ ಗೇಣಿದಾರರ ಹೆಸರು ಪಹಣಿಗೇ ಬರುತ್ತಿರಲಿಲ್ಲ. ಅವನು ಕಾಯಹೊರಟ ಆಸ್ತಿಯನ್ನು ಹಂಚಿದ್ದು ಅವನು ಬಯ್ಯುವ ಸರ್ಕಾರವೇ. ಹಂಚಿದ್ದು ನ್ಯಾಯವೆಂದು ಸ್ವಾತಂತ್ರ್ಯವಾದಿ ಒಪ್ಪಬೇಕು. ಹಂಚಿದ ಮೇಲೆ ಬಲವಂತವಾಗಿ ಕಸಿಯಬಾರದೆಂದು ಪ್ರಗತಿಪರ ಒಪ್ಪಬೇಕು. ಮೈತ್ರಿಗೆ ಇಷ್ಟೇ ಬಂಡವಾಳ.

ಇದಕ್ಕಿಂತ ಮುಂದೆ ಹೋದರೆ ಒಡೆಯುತ್ತದೆ, ಹಿಂದೆಯೂ ಒಡೆದಿದೆ. 1980ರ ದಶಕದಲ್ಲಿ ಬೆಳೆಗೆ ನ್ಯಾಯಬೆಲೆ ಬೇಕೆಂದು ಒಂದೇ ದನಿಯಲ್ಲಿ ಕೂಗಿದ್ದ ಮಹಾರಾಷ್ಟ್ರದ ರೈತನಾಯಕ ಶರದ್ ಜೋಶಿ ಮತ್ತು ಕರ್ನಾಟಕದ ಎಂ.ಡಿ. ನಂಜುಂಡಸ್ವಾಮಿ, ವಿಶ್ವ ವ್ಯಾಪಾರವನ್ನು ಮುಕ್ತಗೊಳಿಸುವ ಡಂಕೆಲ್ ಪ್ರಸ್ತಾವದ ಹೊತ್ತಿಗೆ ಎದುರುಬದುರಾದರು. ಜೋಶಿ ಮುಕ್ತ ವ್ಯಾಪಾರವನ್ನು ಸ್ವಾಗತಿಸಿದರೆ, ನಂಜುಂಡಸ್ವಾಮಿಯವರ ರೈತಸಂಘ 1992ರಲ್ಲಿ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿತು. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ ಕೃಷಿಕರಲ್ಲದವರೂ ಹೊಲ ಕೊಳ್ಳುವಂತಾದಾಗಲೂ ಅಷ್ಟೆ. ಒಬ್ಬರಿಗೆ ಅದು ರೈತನ ಬಿಡುಗಡೆ, ಇನ್ನೊಬ್ಬರಿಗೆ ದುಡ್ಡಿದ್ದವರ ದಾಳಿ. ನನಗೆ ಎರಡನೆಯ ಭಯವೇ ಹೆಚ್ಚು. ಆದರೂ ಸಾಲದಲ್ಲಿ ಮುಳುಗಿ ಮಾರಲು ಹೊರಟವನಿಗೆ ಪ್ರಗತಿಪರರು ಏನು ಹೇಳುತ್ತಾರೆ?

ಶಿಡ್ಲಘಟ್ಟದ ಜಂಗಮಕೋಟೆಯಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಗಿದೆ. ಕೈಗಾರಿಕೆಗೆ ಜಮೀನು ಕೊಡುತ್ತೇವೆನ್ನುವವರೂ ಕೊಡುವುದಿಲ್ಲವೆನ್ನುವವರೂ ಅಲ್ಲಿ ಒಂದೇ ಊರಿನವರು. ಖಾಸಗಿ ಕಂಪನಿಗೆಂದು ಭೂಮಿ ಪಡೆಯುವಾಗ ಶೇ. 80ರಷ್ಟು ಸಂತ್ರಸ್ತ ಕುಟುಂಬಗಳ ಪೂರ್ವಸಮ್ಮತಿ ಬೇಕೆನ್ನುತ್ತದೆ 2013ರ ಕೇಂದ್ರ ಕಾಯ್ದೆ. ಕೆಐಎಡಿಬಿಯ 1966ರ ಕಾಯ್ದೆಯಲ್ಲಿ ಅಂಥ ಷರತ್ತಿಲ್ಲ. ಸಿದ್ಧಾಂತದ ಜಗಳವನ್ನು ಆಮೇಲೆ ಆಡಿಕೊಳ್ಳಲಿ, ಮೊದಲು ಎರಡೂ ಬಣದವರು ಸೇರಿ ಈ ಷರತ್ತನ್ನು ಆ ಕಾಯ್ದೆಗೆ ಸೇರಿಸಲಿ.