ಸದಾಚಾರವೂ ಗಣಾಚಾರವೂ

ನೀತಿಯೆಂಬುದು ವ್ಯಕ್ತಿಗೆ ಸೇರಿದುದೋ, ಸಮಾಜಕ್ಕೆ ಸೇರಿದುದೋ ಎಂಬ ಪ್ರಶ್ನೆಯು ವಿಚಾರವಂತರನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಪ್ರತಿಯೊಬ್ಬನೂ ತನ್ನ ನಡೆನುಡಿಗಳನ್ನು ತಿದ್ದಿಕೊಂಡರೆ ಸಮಾಜವು ತಾನಾಗಿಯೇ ಶುದ್ಧವಾಗುವುದೆಂದು ಕೆಲವರು ಹೇಳುವರು. ಕಟ್ಟುಕಟ್ಟಳೆಗಳು ಸರಿಯಾಗಿದ್ದರೆ ಜನರು ತಾವಾಗಿಯೇ ಸರಿದಾರಿಯಲ್ಲಿ ನಡೆಯುವರೆಂದು ಮತ್ತೆ ಕೆಲವರು ಹೇಳುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಎರಡೂ ಅರ್ಧಸತ್ಯಗಳೇ ಆಗುವುವು. ವೀರಶೈವ ಧರ್ಮದಲ್ಲಿ ಆಚಾರವನ್ನು ಒಂದೆಂದು ಹೇಳದೆ ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂದು ಐದಾಗಿ ಎಣಿಸಿರುವುದರ ಮರ್ಮವು ಇಲ್ಲಿಯೇ ಅಡಗಿದೆ. ಸತ್ಯಶುದ್ಧವಾದ ಕಾಯಕದಿಂದ ಬದುಕುವುದು ಸದಾಚಾರ. ಧರ್ಮಕ್ಕೆ ಕುಂದು ಬಂದಾಗ ಸುಮ್ಮನಿರದೆ ಸಮುದಾಯದೊಡನೆ ನಿಂತು ಅದನ್ನು ಕಾಯುವುದು ಗಣಾಚಾರ. ಒಂದು ಒಬ್ಬನ ನೀತಿ. ಇನ್ನೊಂದು ಎಲ್ಲರ ನೀತಿ. ಇವೆರಡೂ ಒಂದನ್ನೊಂದು ಬಿಟ್ಟು ಏಕೆ ನಿಲ್ಲಲಾರವೆಂಬುದನ್ನು ಕೋಲಾರದ ಸೀಮೆಯ ಬಾಳಿನಿಂದಲೇ ವಿಚಾರಿಸಿ ನೋಡಬಹುದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳ ಹೆಸರು ದೊಡ್ಡದಾದರೂ ಇಲ್ಲಿ ಅವುಗಳ ಪಾತ್ರವು ವರ್ಷದ ಬಹುಭಾಗ ಬರಿಯ ಮರಳು. ಮಳೆಯೂ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರು ಮಾತ್ರ. ಇಂತಹ ನೆಲದಲ್ಲಿ ಹಿರಿಯರು ಕೆರೆಗಳನ್ನು ಕಟ್ಟಿದರು. ಬಿಡಿಬಿಡಿಯಾಗಿ ಅಲ್ಲ, ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ತನ್ನ ಹೊಟ್ಟೆ ತುಂಬಿದ ಮೇಲೆ ಉಳಿದುದನ್ನು ನೆರೆಯವನಿಗೆ ಬಿಡಬೇಕೆಂಬ ಧರ್ಮವು ಆ ಕಟ್ಟಡದಲ್ಲಿಯೇ ಸೇರಿಹೋಗಿತ್ತು.

ಕೆರೆಯೆಂದರೆ ಬರಿಯ ಏರಿ, ತೂಬು, ಕೋಡಿಗಳಲ್ಲ. ಅದರ ಹಿಂದೆ ಒಂದು ನಡವಳಿಕೆಯಿತ್ತು. ಯಾವ ಗದ್ದೆಗೆ ಯಾವ ದಿನ ಎಷ್ಟು ನೀರೆಂಬುದನ್ನು ನೀರುಗಂಟಿಯು ನೋಡಿಕೊಳ್ಳುತ್ತಿದ್ದನು. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆಗೆ ನೀರು ಕಡಮೆ ಬಂದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ನೆಲಕ್ಕೆ ಭತ್ತ ಹಾಕಬೇಕೆಂಬುದನ್ನು ಊರವರು ಕೂಡಿ ತೀರ್ಮಾನಿಸುತ್ತಿದ್ದರು. ಬೇಸಿಗೆಯಲ್ಲಿ ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸಿದರೆ ಕೆರೆ ಆಳವಾಗುತ್ತಿತ್ತು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಆದರೆ ಹಳೆಯದೆಲ್ಲ ಒಳ್ಳೆಯದೆಂದು ಕೊಂಡಾಡುವುದೂ ಸತ್ಯಕ್ಕೆ ದೂರವಾದ ಮಾತು. ಅನೇಕ ಊರುಗಳಲ್ಲಿ ಎಲ್ಲರ ಗದ್ದೆಗೂ ನ್ಯಾಯವಾಗಿ ನೀರು ಹಂಚುತ್ತಿದ್ದ ಆ ನೀರುಗಂಟಿಯೇ ಊರ ಬಾವಿಯ ನೀರನ್ನು ಮುಟ್ಟುವಂತಿರಲಿಲ್ಲ. ಗದ್ದೆಯಲ್ಲಿ ಅವನ ಕೈ ಶುದ್ಧ, ಬಾವಿಯಲ್ಲಿ ಅಶುದ್ಧ! ಶಿವಭಕ್ತರಲ್ಲಿ ಮೇಲುಕೀಳೆಣಿಸದ ಶಿವಾಚಾರವಿಲ್ಲದೆಡೆ ಕಟ್ಟುನಿಟ್ಟಾದ ಏರ್ಪಾಡು ಕೂಡ ಅರ್ಧ ಧರ್ಮವೇ ಆಗುವುದೆಂಬುದಕ್ಕೆ ಇದು ಸಾಕ್ಷಿ.

ಬರಬರುತ್ತ ಕೆರೆಯ ಕಡೆಗೆ ಜನರ ಲಕ್ಷ್ಯವು ಕಡಮೆಯಾಯಿತು. ಕೊಳವೆಬಾವಿಯು ಬಂದಿತು. ಅಂದು ಅದು ಬಡರೈತನ ಪಾಲಿಗೆ ವರವಾಗಿಯೇ ಕಂಡಿತು. ಕೆರೆಯ ಸರದಿಗಾಗಿ ಕಾಯಬೇಕಾಗಿಲ್ಲ, ಯಾರ ಮುಲಾಜೂ ಇಲ್ಲ. ಗುಂಡಿ ಒತ್ತಿದರೆ ನೀರು. ಟೊಮೇಟೊ, ರೇಷ್ಮೆ, ಹೈನುಗಳಿಂದ ಮನೆಗಳು ನೆಮ್ಮದಿ ಕಂಡವು, ಮಕ್ಕಳು ಓದಿದರು. ಆದರೆ ಒಬ್ಬನ ಬಾವಿ ಆಳವಾದಂತೆ ನೆರೆಯವನ ಬಾವಿ ಬತ್ತಿತು. ನೆರೆಯವನು ಇನ್ನೂ ಆಳಕ್ಕೆ ಹೋದನು. ಹೀಗೆ ಪೈಪೋಟಿ ಬೆಳೆದು ಅನೇಕ ಕಡೆಗಳಲ್ಲಿ 1,000, 1,500 ಅಡಿಗಳಷ್ಟು ಕೊರೆದರೂ ಧೂಳು ಮಾತ್ರ ಏಳುವ ಸ್ಥಿತಿ ಬಂದಿತು. ಆಳದ ನೀರಿನೊಡನೆ ಫ್ಲೋರೈಡ್ ಎಂಬ ದೋಷವೂ ಮೇಲೆ ಬಂದು ಮಕ್ಕಳ ಹಲ್ಲುಗಳನ್ನು ಕೆಡಿಸಿತು. ಕೊರೆಸಲು ಮಾಡಿದ ಸಾಲವು ಬಾವಿ ಬತ್ತಿದ ಮೇಲೂ ಬತ್ತಲಿಲ್ಲ. ಬಯಲಿನ ಹೊಲಗಳಲ್ಲಿ ನೀಲಗಿರಿ ತೋಪುಗಳು ಹಬ್ಬಿದವು. ಅದನ್ನು ಹೊಸದಾಗಿ ನೆಡಬಾರದೆಂದು ಸರಕಾರವು 2017ರಲ್ಲಿ ಆಜ್ಞೆ ಮಾಡಬೇಕಾಯಿತು. ಕೆರೆಗೆ ನೀರು ತರುವ ಕಾಲುವೆಗಳನ್ನು ಹಲವೆಡೆ ಒತ್ತಿಕೊಂಡು ಉತ್ತುದೂ ಆಯಿತು.

ಈಗ ವಿಚಾರಿಸತಕ್ಕ ಅಂಶವಿದು: ಇಲ್ಲಿ ತಪ್ಪು ಮಾಡಿದವರು ಯಾರು? ಕಾಲುವೆ ಒತ್ತಿಕೊಂಡವನ ತಪ್ಪು ಕಣ್ಣಿಗೆ ಕಾಣುವುದು. ಆದರೆ ಬಾವಿ ತೋಡಿಸಿದ ಗೃಹಸ್ಥನ ವಿಷಯವೇನು? ಅವನು ಕದಿಯಲಿಲ್ಲ, ಸುಳ್ಳಾಡಲಿಲ್ಲ. ತನ್ನ ಹೊಲದಲ್ಲಿ, ತನ್ನ ಹಣದಿಂದ, ತನ್ನ ಹೆಂಡಿರು ಮಕ್ಕಳಿಗಾಗಿ ಬೆವರು ಸುರಿಸಿ ದುಡಿದನು. ಅವನನ್ನು ಪಾಪಿಯೆನ್ನಲು ಯಾವ ನಾಲಗೆ ಬರುವುದು? ಆದರೂ ಇಂತಹ ನಿರ್ದೋಷಿಗಳಾದ ಸಾವಿರ ಮಂದಿ ಸೇರಿ ಒಂದು ನಾಡಿನ ನೀರನ್ನೇ ಮುಗಿಸಿದರು. ಯಾರೂ ಮಾಡದ ತಪ್ಪು ಎಲ್ಲರಿಂದಲೂ ಆಯಿತು. ಪ್ರತಿಯೊಬ್ಬನೂ ಒಳ್ಳೆಯವನಾದರೆ ಸಾಕು, ಸಮಾಜವು ತಾನಾಗಿ ನೆಟ್ಟಗಾಗುವುದೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ನೆಲಕ್ಕೆ ಬೇಲಿಯುಂಟು, ನೆಲದೊಳಗಿನ ನೀರಿಗೆ ಬೇಲಿಯಿಲ್ಲ. ಬೇಲಿಯ ಒಳಗೆ ಮಾತ್ರ ನೋಡುವ ಸದಾಚಾರವು ಬೇಲಿಯಿಲ್ಲದ ವಸ್ತುವಿನ ಎದುರಿಗೆ ಕುರುಡಾಗುವುದು.

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಅರಿಯದ ಸದ್ಭಕ್ತರಿಲ್ಲ. ಕಲ್ಯಾಣದ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಅದು ನೆಲಕ್ಕೆ ಬಿದ್ದುದು, ಕದ್ದುದಲ್ಲ. ಒಡೆಯರ ಆಕ್ಷೇಪಣೆಯಿಲ್ಲ. ದಾಸೋಹಕ್ಕೆಂದೇ ತಂದುದು. ಲೋಕದ ಯಾವ ನ್ಯಾಯಸ್ಥಾನವೂ ಅದನ್ನು ಅಪರಾಧವೆನ್ನದು. ಆದರೂ ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಹೇಗೆ ಬಂದಿತೆಂಬುದನ್ನು ಕೇಳುವುದರಲ್ಲಿ ಅರ್ಧ ನೀತಿಯಿದೆ. ಎಷ್ಟು ಬೇಕೆಂಬುದನ್ನು ಕೇಳುವುದರಲ್ಲಿ ಉಳಿದರ್ಧವಿದೆ. ಈ ಎರಡನೆಯ ಪ್ರಶ್ನೆಯನ್ನು ಕೋಲಾರದ ನೆಲದಲ್ಲಿ ಕೊಳವೆಬಾವಿಯ ಮುಂದೆ ಕೇಳಿದವರು ವಿರಳ.

ಇದಕ್ಕೆ ಗೃಹಸ್ಥರು ಒಂದು ಆಕ್ಷೇಪವನ್ನು ತರುವರು. ಅದು ನಿಜವಾದ ಆಕ್ಷೇಪವೇ ಆಗಿದೆ. “ನಾನೊಬ್ಬನೇ ಹಿಡಿತದಲ್ಲಿದ್ದರೆ ಏನಾಯಿತು? ನಾನು ಬಿಟ್ಟ ನೀರನ್ನು ಪಕ್ಕದವನ ಮೋಟಾರು ಎಳೆದುಕೊಳ್ಳುವುದು. ನನ್ನ ಸಂಯಮವು ಅವನ ಲೋಭಕ್ಕೆ ಉಣಿಸಾಗುವುದು. ನನ್ನ ಮಕ್ಕಳು ಉಪವಾಸವಿರುವರು.” ಮಾರಯ್ಯನವರು ಸುರಿದುಬಂದ ಅಕ್ಕಿ ಇತರರಿಗೆ ಉಳಿಯಿತು, ಇವನು ಉಳಿಸಿದ ನೀರು ಯಾರಿಗೂ ಉಳಿಯದು. ಈ ಮಾತಿಗೆ ‘ನಿನ್ನ ಧರ್ಮವನ್ನು ನೀನು ಮಾಡು’ ಎಂದಷ್ಟೇ ಉತ್ತರಿಸುವುದು ನ್ಯಾಯವಲ್ಲ. ಗಣಾಚಾರವು ಹುಟ್ಟುವುದು ಇಲ್ಲಿಯೇ. ಒಬ್ಬನ ಸಂಯಮವು ನಿಷ್ಫಲವಾಗುವೆಡೆಯಲ್ಲಿ ಎಲ್ಲರೂ ಕೂಡಿ ಒಂದು ಮಿತಿಯನ್ನು ಒಪ್ಪಿಕೊಂಡು, ಆ ಮಿತಿಯನ್ನು ಮೀರಿದವನು ಬಂಧುವಾದರೂ ಸಿರಿವಂತನಾದರೂ ನಿಲ್ಲಿಸಿ ಕೇಳಬೇಕು. ಗಣಾಚಾರವೆಂದರೆ ಅನ್ಯರ ಮೇಲಣ ಕೋಪವೆಂದು ಕೆಲವರು ತಿಳಿದಿರುವುದುಂಟು. ಕೋಪವನ್ನು ಪರರ ಮೇಲೆ ತಿರುಗಿಸುವುದು ಸುಲಭ. ತಮ್ಮವರನ್ನೇ ತಡೆಯುವುದು ಕಷ್ಟ. ಕಷ್ಟವಾದುದೇ ನಿಜವಾದ ಗಣಾಚಾರ.

ಹಾಗಾದರೆ ಕಾಯಿದೆಯೊಂದಿದ್ದರೆ ಸಾಲದೆ? ಅಂತರ್ಜಲದ ನಿಯಂತ್ರಣಕ್ಕಾಗಿ ಕರ್ನಾಟಕದಲ್ಲಿ 2011ರಲ್ಲಿ ಶಾಸನವಾಯಿತು. ಗುರುತಿಸಿದ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಬಾವಿ ಕೊರೆಸಬಾರದೆಂದು ಅದು ಹೇಳುವುದು. ಶಾಸನವು ಅವಶ್ಯಕವೇ. ಆದರೆ ಮನಸ್ಸೊಪ್ಪದ ಕಟ್ಟಳೆಯನ್ನು ಮೀರಲು ಒಂದು ರಾತ್ರಿ ಸಾಕು. ಸದಾಚಾರವಿಲ್ಲದ ಗಣಾಚಾರವು ಕಾವಲುಗಾರನಿಲ್ಲದ ಬಾಗಿಲು. ಗಣಾಚಾರವಿಲ್ಲದ ಸದಾಚಾರವು ಬಾಗಿಲಿಲ್ಲದ ಮನೆಯ ಕಾವಲು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದು ಇದೇ ಮರ್ಮವನ್ನು ಅರಿತು. ಪ್ರಜೆಗಳಲ್ಲಿ ವಿವೇಕವು ಬೆಳೆಯದೆ ಒಳ್ಳೆಯ ರಾಜ್ಯಾಂಗವೊಂದೇ ನಾಡನ್ನು ಕಾಯಲಾರದೆಂದು ತಿಳಿದು ಅವರು ಜನರ ಶಿಕ್ಷಣಕ್ಕೆ ಬಾಳನ್ನು ಸವೆಸಿದರು. ತಮಗೆ ಸಂದ ಗೌರವನಿಧಿಯನ್ನೂ ಆ ಸಂಸ್ಥೆಗೇ ಒಪ್ಪಿಸಿದರು.

ಊರೊಳಗಣ ಈ ನೀತಿಯು ಊರೂರುಗಳ ನಡುವೆಯೂ ಸಲ್ಲತಕ್ಕದ್ದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಶುದ್ಧೀಕರಿಸಿ ಜಿಲ್ಲೆಯ 126 ಕೆರೆಗಳಿಗೆ ತುಂಬಿಸುವ ಯೋಜನೆಯಲ್ಲಿ 2018ರಲ್ಲಿ ಕೋಲಾರಕ್ಕೆ ನೀರು ಬಂದಿತು. ಬತ್ತಿದ ಕೆರೆಗಳು ತುಂಬಿದವು. ಸುತ್ತಣ ಬಾವಿಗಳಲ್ಲಿ ನೀರಿನ ಮಟ್ಟವೂ ಏರಿತು. ಆದರೆ ಶುದ್ಧೀಕರಣವು ಸಾಲದು, ಇನ್ನೊಂದು ಹಂತ ಬೇಕೆಂದು ಜನರು ದೂರಿದರು. ವಿಷಯವು ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಕೋಲಾರದ ಹಾಲನ್ನೂ ತರಕಾರಿಯನ್ನೂ ಉಣ್ಣುವ ಪಟ್ಟಣವು ಕೋಲಾರಕ್ಕೆ ಹಿಂದಿರುಗಿಸುವ ನೀರು ಎಂತಹುದಾಗಿರಬೇಕು? ತಾನು ಉಣ್ಣಲೊಲ್ಲದುದನ್ನು ಜಂಗಮಕ್ಕೆ ನೀಡಿದರೆ ಅದು ದಾಸೋಹವಲ್ಲವೆಂಬುದು ಪ್ರತಿಯೊಂದು ಮನೆಯ ಗೃಹಿಣಿಯೂ ಬಲ್ಲ ಮಾತು. ಪಟ್ಟಣಕ್ಕೂ ಅದೇ ಅಳತೆ ಸಾಕು. ಅಂತೆಯೇ ಕೆರೆ ತುಂಬಿತೆಂದು ಹಳೆಯ ಪೈಪೋಟಿಗೆ ಮರಳಿದರೆ, ಪಡೆದವನೂ ಕೊಟ್ಟವನಷ್ಟೇ ಹೊಣೆಗಾರನಾಗುವನು.

ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಶಿವಯೋಗಿಗಳು. ಸೊಲ್ಲಾಪುರದಲ್ಲಿ ಆ ಕೆರೆಯು ಇಂದಿಗೂ ಅವರ ಹೆಸರಿನಿಂದಲೇ ನಿಂತಿದೆ. ಕೆಲಸವು ನಡೆಯುತ್ತಿದ್ದಾಗ ಅಲ್ಲಮಪ್ರಭುದೇವರು ಅಲ್ಲಿಗೆ ಬಂದು, ಮಣ್ಣು ಹೊರುವವರ ಒಡೆಯನೆಂಬಂತೆ ಅವರನ್ನು ಕೆಣಕಿ, ಕೆರೆಯ ಹಿಂದೆ ಅಡಗಿದ್ದ ‘ನಾನು ಮಾಡಿದೆ’ ಎಂಬ ಭಾವವನ್ನು ತೋರಿಸಿಕೊಟ್ಟರೆಂದು ಶೂನ್ಯಸಂಪಾದನೆಯ ಪರಂಪರೆ ತಿಳಿಸುವುದು. ಪ್ರಭುದೇವರು ಕಳೆದುದು ಅಹಂಕಾರವನ್ನು, ಕೆರೆಯನ್ನಲ್ಲ. ಕೆರೆಯೂ ಉಳಿಯಿತು, ಸಿದ್ಧರಾಮರೂ ಉದ್ಧಾರವಾದರು. ಲೋಕೋಪಕಾರ ಬೇಡವೆಂದು ಇದರ ಅರ್ಥವಲ್ಲ; ಉಪಕಾರದ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಆಶೆ ಬೇಡವೆಂದು ಅರ್ಥ. ಇದೇ ಭೃತ್ಯಾಚಾರ. ಹೂಳೆತ್ತುವ ದಿನ ಯಾರ ಹೆಸರು ಮೊದಲೆಂಬ ಜಗಳದಿಂದ ನಿಂತುಹೋಗುವ ಕೆಲಸಗಳಿಗೆ ಈ ಪಾಠವು ಔಷಧವಾಗಬೇಕು.

ಗೃಹಸ್ಥನು ಮಾಡತಕ್ಕುದು ದೊಡ್ಡದೇನಲ್ಲ. ಬೆಳೆ ಹಾಕುವ ಮೊದಲು ಬೆಲೆಯನ್ನು ಕೇಳುವಂತೆ ನೀರನ್ನೂ ಕೇಳಬೇಕು. ತನ್ನ ಹೊಲದ ಅಂಚಿನ ಕಾಲುವೆಯನ್ನು ತಾನೇ ಬಿಟ್ಟುಕೊಡಬೇಕು. ಗ್ರಾಮಸಭೆಯಲ್ಲಿ ಕೆರೆಯ ಮಾತು ಬಂದಾಗ ಎದ್ದುಹೋಗದೆ ಕುಳಿತು, ಅಪ್ರಿಯವಾದರೂ ನ್ಯಾಯವಾದುದನ್ನು ಹೇಳಬೇಕು.

ಪ್ರತಿದಿನ ಪ್ರಾತಃಕಾಲದಲ್ಲಿ ಭಕ್ತನು ಇಷ್ಟಲಿಂಗಕ್ಕೆ ಮಜ್ಜನ ಮಾಡಿಸಲು ಅಗ್ಘವಣಿಯನ್ನು ತರುವನು. ಹೂವು ಪತ್ರೆಗಳು ಎಲ್ಲಿಂದ ಬಂದವೆಂದು ವಿಚಾರಿಸುವವನು ಆ ಬೊಗಸೆ ನೀರು ಎಲ್ಲಿಂದ ಬಂದಿತೆಂದೂ ವಿಚಾರಿಸಬೇಡವೆ? ನೆರೆಯವನ ಬಾವಿಯನ್ನು ಬತ್ತಿಸಿ ತಂದ ನೀರನ್ನು ಎಷ್ಟು ಸಲ ಸೋಸಿದರೂ ಅದು ಶುದ್ಧವಾಗದು. ಆ ಒಂದು ಬೊಗಸೆಯಲ್ಲಿ ಲಿಂಗಾಚಾರವೂ ಸದಾಚಾರವೂ ಗಣಾಚಾರವೂ ಕೂಡಿವೆ. ಅದು ಶುದ್ಧವಾಗಿರುವಂತೆ ಬಾಳುವ ಬುದ್ಧಿಯನ್ನು ಪರಶಿವನು ಸಕಲರಿಗೂ ಕರುಣಿಸಲಿ.