ಪಾದ್ರಿಗಳು ಮನೋರೋಗವನ್ನು ಕಾಣುವ ಬಗೆ

ದೆವ್ವದ ಕಾಟ, ಪಾಪದ ಫಲ, ವಿಶ್ವಾಸದ ಕೊರತೆ, ದೇಹದ ಕಾಯಿಲೆ: ಮನೋರೋಗಕ್ಕೆ ಈ ನಾಲ್ಕು ಕಾರಣಗಳನ್ನೂ ಕ್ರೈಸ್ತ ಪಾದ್ರಿಗಳು ಹೇಳುತ್ತ ಬಂದಿದ್ದಾರೆ. ಯಾವುದಕ್ಕೆ ಒತ್ತು ಬೀಳುತ್ತದೆ ಎಂಬುದು ಊರಿನ ನಂಬಿಕೆಯನ್ನೂ ಪಾದ್ರಿಗೆ ಸಿಕ್ಕ ತರಬೇತಿಯನ್ನೂ ಅವಲಂಬಿಸಿದೆ.

ಕನ್ನಡ, ತೆಲುಗು ಬೆರೆತ ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಒಬ್ಬರು ನಿದ್ದೆಗೆಟ್ಟು ತಮ್ಮಷ್ಟಕ್ಕೆ ಮಾತಾಡತೊಡಗಿದರೆ ‘ಗಾಳಿ ಸೋಕಿದೆ’, ‘ಮಾಟ ಮಾಡಿಸಿದ್ದಾರೆ’ ಎಂಬ ಮಾತೇ ಮೊದಲು ಬರುವುದು. ಮನೆಯವರು ದೇವಸ್ಥಾನಕ್ಕೂ ಹೋಗುತ್ತಾರೆ, ದರ್ಗಾಕ್ಕೂ ಹೋಗುತ್ತಾರೆ, ಪಾಸ್ಟರ ಉಪವಾಸ ಪ್ರಾರ್ಥನೆಗೂ ಬರುತ್ತಾರೆ. ಇಲ್ಲಿನ ಸಭೆಗಳೂ ಒಂದೇ ಬಗೆಯವಲ್ಲ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಗೊಳಿಸಿದ ಲಂಡನ್ ಮಿಷನ್ ಮುಂದೆ ಅನಂತಪುರದ ಕಡೆಗೂ ಹಬ್ಬಿತು. ಶಾಲೆ, ಆಸ್ಪತ್ರೆಗಳನ್ನು ಸುವಾರ್ತೆಯ ಜೊತೆಗೇ ನಡೆಸಿದ ಪರಂಪರೆ ಅದು. ಪವಾಡದಿಂದ ರೋಗ ಗುಣವಾಗುವುದನ್ನೇ ಮುಂದಿಡುವ ಸ್ವತಂತ್ರ ಸಭೆಗಳು ಅದರ ಪಕ್ಕದಲ್ಲೇ ಬೆಳೆದಿವೆ.

ಬೈಬಲ್ ಎಲ್ಲವನ್ನೂ ದೆವ್ವಕ್ಕೆ ಕಟ್ಟುವುದಿಲ್ಲ. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ದೆವ್ವಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. 1614ರ ರೋಮನ್ ಕ್ಯಾಥೋಲಿಕ್ ವಿಧಿಗ್ರಂಥವೇ ದೆವ್ವ ಹಿಡಿದಿದೆಯೆಂದು ಸುಲಭಕ್ಕೆ ನಂಬಬಾರದೆಂದು ಪಾದ್ರಿಗಳಿಗೆ ತಾಕೀತು ಮಾಡಿತ್ತು. ಅಮೆರಿಕದ ಆಂಟನ್ ಬಾಯ್ಸನ್ ಸ್ವತಃ ಪಾದ್ರಿ, ತೀವ್ರ ಮನೋರೋಗ ಅನುಭವಿಸಿ ಆಸ್ಪತ್ರೆ ಸೇರಿದ್ದವರು. 1925ರಲ್ಲಿ ಅವರು ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಮನೋರೋಗಿಗಳ ಆಸ್ಪತ್ರೆಗೇ ಕರೆತಂದು ಕಲಿಸತೊಡಗಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದುಡಿದಿದ್ದ ಫ್ರಾಂಕ್ ಲೇಕ್ 1958ರಿಂದ ಇಂಗ್ಲೆಂಡಿನ ಪಾದ್ರಿಗಳಿಗೆ ಇಂಥದೇ ತರಗತಿ ನಡೆಸಿದರು.

ತಲೆಯ ಮೇಲೆ ಕೈಯಿಟ್ಟು ಮಾಡುವ ಪ್ರಾರ್ಥನೆ ರೋಗಿಗೆ ಒಂಟಿತನ ಕಳೆಯುತ್ತದೆ, ಮನೆಯವರಿಗೆ ಧೈರ್ಯ ಕೊಡುತ್ತದೆ. ಅದನ್ನು ಮೂಢನಂಬಿಕೆಯೆಂದು ತಳ್ಳುವುದು ತಪ್ಪು. ಆದರೆ ‘ವಿಶ್ವಾಸವಿದ್ದರೆ ಮಾತ್ರೆ ಬಿಡು’ ಎನ್ನುವ ಉಪದೇಶ ಕ್ರೂರವಾದದ್ದು. ಮಾತ್ರೆ ಬಿಟ್ಟು ಕಾಯಿಲೆ ಮರುಕಳಿಸಿದಾಗ ಆ ಉಪದೇಶ ರೋಗಿಯ ಮೇಲೆ ಪಾಪದ ಹೊರೆಯನ್ನೂ ಹೇರುತ್ತದೆ.

ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದು ನೆರೆಯ ಬಳ್ಳಾರಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಲ್ಲಿ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟ ಕಾರ್ಯಕ್ರಮ 1996ರಲ್ಲಿ ದೇಶಕ್ಕೇ ಮಾದರಿಯಾಯಿತು. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಈ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅದು ಆಂಧ್ರಕ್ಕೆ ಸೇರಿ ಗಡಿಯಾಚೆ ಉಳಿದಿತ್ತು.

ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತದೆ. ಪ್ರಾರ್ಥನೆಗೆ ಬಂದವರಿಗೆ ಪಾಸ್ಟರುಗಳು ಈ ಸಂಖ್ಯೆಯನ್ನೂ ಬರೆದುಕೊಡಲಿ.